ಹುಬ್ಬಳ್ಳಿ-ಧಾರವಾಡದಲ್ಲಿ ಓಡುವ ಐಷಾರಾಮಿ ಸ್ಪೋರ್ಟ್ಸ್ ಕಾರಿಗೆ ಹೊಸ ಟೈರು ಆಯ್ದುಕೊಳ್ಳುವ ಬಗೆ

ಟೈರು ಬದಲಿಸುವ ಹೊತ್ತು ಬಂದಿದೆಯೇ ಎಂದು ತಿಳಿಯಬೇಕಾದರೆ ಕಾರನ್ನು ಲಿಫ್ಟಿನ ಮೇಲೇರಿಸಿ ಹಿಂದಿನ ಗಾಲಿಗಳ ಒಳ ಅಂಚನ್ನು ನೋಡಬೇಕು. ಪೋರ್ಷೆ 911, ಬಿಎಂಡಬ್ಲ್ಯು ಎಂ4, ಮರ್ಸಿಡಿಸ್‌ನ ಎಎಂಜಿ ಮಾದರಿಗಳಂಥ ಕಾರುಗಳಲ್ಲಿ ಗಾಲಿಯ ಮೇಲ್ಭಾಗ ತುಸು ಒಳಕ್ಕೆ ವಾಲುವಂತೆ ಕಾರ್ಖಾನೆಯಲ್ಲಿಯೇ ಕೂರಿಸಿರುತ್ತಾರೆ. ವೇಗದ ತಿರುವಿನಲ್ಲಿ ಕಾರು ಹೊರಕ್ಕೆ ಓಲಿದಾಗ ಟೈರಿನ ಪೂರ್ಣ ಅಗಲ ನೆಲಕ್ಕೆ ಒತ್ತಿ ನಿಲ್ಲಲಿ ಎಂಬುದು ಅದರ ಉದ್ದೇಶ. ಆದರೆ ಹುಬ್ಬಳ್ಳಿಯಿಂದ ಹಾವೇರಿ, ರಾಣೆಬೆನ್ನೂರು ದಾಟಿ ಬೆಂಗಳೂರಿನವರೆಗೆ ಬಹುಪಾಲು ನೇರವಾಗಿಯೇ ಸಾಗುವ ಸುಮಾರು 400 ಕಿಲೋಮೀಟರಿನ ಹೆದ್ದಾರಿಯಲ್ಲಿ ಅದೇ ಓರೆಯು ಒಳ ಅಂಚನ್ನು ಬೇಗ ಸವೆಸುತ್ತದೆ. ಪಕ್ಕದಲ್ಲಿ ನಿಂತು ನೋಡಿದವರಿಗೆ ಹೊರ ಅಂಚಿನ ಗೀರುಗಳು (ನೀರು ಹರಿದುಹೋಗಲೆಂದು ಟೈರಿನ ಮೈಯಲ್ಲಿ ಕೊರೆದ ಕಾಲುವೆಗಳು) ಹೊಸದರಂತೆ ಕಾಣುತ್ತಿರುವಾಗ, ಒಳಗಡೆ ರಬ್ಬರು ಸವೆದು ನೂಲು ಕಾಣಿಸಿಕೊಂಡಿರುವುದೂ ಉಂಟು. ಆದ್ದರಿಂದ ಗೀರಿನ ಆಳ ಅಳೆಯುವ ಒಂದು ಆಳಮಾಪಕವನ್ನು ಇಟ್ಟುಕೊಂಡು ಪ್ರತಿ ಟೈರಿನ ಒಳ ಅಂಚು, ನಡುಭಾಗ, ಹೊರ ಅಂಚು ಮೂರನ್ನೂ ಅಳೆದು, ಬಂದ ಅಂಕಿಗಳನ್ನು ಬರೆದಿಡಬೇಕು. ತೀರ್ಮಾನ ಮಾಡಬೇಕಾದದ್ದು ಈ ಮೂರರಲ್ಲಿ ಅತ್ಯಂತ ಕಡಿಮೆಯಾದ ಅಂಕಿಯಿಂದ.

ಗೀರುಗಳ ತಳದಲ್ಲಿ ಎದ್ದಿರುವ ಸಣ್ಣ ದಿಬ್ಬಗಳ ಎತ್ತರ 1.6 ಮಿಲಿಮೀಟರ್, ರಬ್ಬರು ಅವುಗಳ ಮಟ್ಟಕ್ಕೆ ಸವೆದರೆ ಆ ಟೈರನ್ನು ಮುಂದೆ ಬಳಸುವಂತಿಲ್ಲ. ನಮ್ಮ ಭಾಗದ ಮಳೆಗಾಲಕ್ಕೆ ಈ ಮಿತಿಯನ್ನು ನಂಬಿ ಕಾಯುವುದು ತರವಲ್ಲವೆಂದು ನಾನು ದೃಢವಾಗಿ ಹೇಳುತ್ತೇನೆ. 305 ಮಿಲಿಮೀಟರ್ ಅಗಲದ ಹಿಂಗಾಲಿಯು ಸಾಮಾನ್ಯ ಕಾರಿನ ಟೈರಿಗಿಂತ ಬಹಳ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕಾಗುತ್ತದೆ. ಗೀರಿನ ಆಳ ಸಾಲದಿದ್ದರೆ ಟೈರು ನೆಲವನ್ನು ಬಿಟ್ಟು ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಅದರ ಮೇಲೆ ನಮ್ಮ ಎರೆಮಣ್ಣಿನ ಕಾಟ ಬೇರೆ. ಗದಗ, ನವಲಗುಂದದ ಕಡೆ ಹೊಲದಿಂದ ಬರುವ ಟ್ರ್ಯಾಕ್ಟರುಗಳು ಗಾಲಿಗೆ ಮೆತ್ತಿದ ಕರಿಮಣ್ಣನ್ನು ಡಾಂಬರಿನ ಮೇಲೆ ಉದುರಿಸುತ್ತಾ ಹೋಗುತ್ತವೆ. ಮೊದಲ ಮಳೆ ಬಿದ್ದೊಡನೆ ಅದು ಬೆಣ್ಣೆಯಂತೆ ನುಣುಪಾಗುತ್ತದೆ. ಹೀಗಾಗಿ ಮೇ ತಿಂಗಳಿನಲ್ಲಿ ಅಳೆದಾಗ 3 ಮಿಲಿಮೀಟರಿಗಿಂತ ಕಡಿಮೆ ಇರುವ ಟೈರನ್ನು ಜೂನಿನ ಮಳೆಗೆ ಮುನ್ನವೇ ಬದಲಿಸುವುದು ಒಳ್ಳೆಯದು.

ಇನ್ನು ಅಳತೆಯ ಮಾತು. 2019ರಿಂದ ಬಂದ 992 ಪೀಳಿಗೆಯ ಪೋರ್ಷೆ 911 ಕರೆರಾ ಎಸ್ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಮುಂದಿನ ಟೈರು 245/35 ಝಡ್‌ಆರ್ 20, ಹಿಂದಿನದು 305/30 ಝಡ್‌ಆರ್ 21. ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ. ಎರಡನೆಯದು ಪಕ್ಕಗೋಡೆಯ ಎತ್ತರವು ಅಗಲದ ಶೇಕಡ ಎಷ್ಟು ಎಂಬುದು. ಝಡ್‌ಆರ್ ಎಂಬುದು ಅತಿವೇಗದ ರೇಡಿಯಲ್ ಟೈರಿನ ಗುರುತು. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಲೆಕ್ಕ ಹಾಕಿದರೆ ಮುಂದಿನ ಟೈರಿನ ಒಟ್ಟು ವ್ಯಾಸ ಸುಮಾರು 680 ಮಿಲಿಮೀಟರ್, ಹಿಂದಿನದು 716 ಮಿಲಿಮೀಟರ್ ಆಗುತ್ತದೆ. ಈ ಎರಡು ವ್ಯಾಸಗಳ ಅನುಪಾತವನ್ನು ನಂಬಿಯೇ ಬ್ರೇಕು ಹಾಕಿದಾಗ ಗಾಲಿ ಬಿಗಿದು ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್, ಜಾರುವಿಕೆಯನ್ನು ತಡೆಯುವ ಸ್ಥಿರತಾ ವ್ಯವಸ್ಥೆ ಮತ್ತು, ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಮಾದರಿಗಳಲ್ಲಿ, ಆ ಶಕ್ತಿಯನ್ನು ಹಂಚುವ ಕ್ಲಚ್ ಕೆಲಸ ಮಾಡುತ್ತವೆ. "ರಸ್ತೆ ಕೆಟ್ಟಿದೆ, ಮುಂದೆ 245/40 ಹಾಕಿ ಎತ್ತರ ಮಾಡಿಸೋಣ" ಎಂದು ಯಾರಾದರೂ ಸಲಹೆ ಕೊಟ್ಟರೆ, ಆ ಟೈರಿನ ವ್ಯಾಸ 704 ಮಿಲಿಮೀಟರ್ ಆಗಿ ಶೇಕಡ 3.6ರಷ್ಟು ಹೆಚ್ಚುತ್ತದೆ ಎಂಬುದನ್ನು ಅವರಿಗೆ ತಿಳಿಸಿ ಹೇಳಬೇಕು. ಸ್ಥಿರತಾ ವ್ಯವಸ್ಥೆಗೆ ಗಾಲಿಗಳ ವೇಗದ ಲೆಕ್ಕ ತಪ್ಪಿದರೆ, ಅದು ಬೇಡದಾಗ ಬ್ರೇಕು ಹಾಕಬಹುದು, ಬೇಕಾದಾಗ ತಡವಾಗಿ ಎಚ್ಚರಗೊಳ್ಳಬಹುದು.

ಅಳತೆಯ ನಂತರ ಬರುವ 91ವೈ ಎಂಬಂಥ ಗುರುತು ಭಾರ ಮತ್ತು ವೇಗಕ್ಕೆ ಸಂಬಂಧಿಸಿದ್ದು. 91 ಎಂದರೆ ಒಂದು ಟೈರು 615 ಕಿಲೋ ಹೊರಬಲ್ಲದು, 95 ಎಂದರೆ 690 ಕಿಲೋ. ವಿ ಎಂದರೆ ಗಂಟೆಗೆ 240 ಕಿಲೋಮೀಟರ್, ಡಬ್ಲ್ಯು ಎಂದರೆ 270, ವೈ ಎಂದರೆ 300. ಭಾರದ ಅಂಕಿ ಮತ್ತು ವೈ ಎರಡನ್ನೂ ಆವರಣ ಚಿಹ್ನೆಯೊಳಗೆ ಮುದ್ರಿಸಿದ್ದರೆ 300ಕ್ಕೂ ಮೀರಿದ ವೇಗಕ್ಕೆ ಯೋಗ್ಯ ಎಂದರ್ಥ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರುಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿಪಡಿಸಿದ ಗರಿಷ್ಠ ವೇಗವೇ ಗಂಟೆಗೆ 100 ಕಿಲೋಮೀಟರ್ ಆಗಿರುವಾಗ ವೈ ಗುರುತು ಏಕೆ ಬೇಕು ಎಂಬ ಪ್ರಶ್ನೆಯನ್ನು ನನಗೆ ಅನೇಕರು ಕೇಳಿದ್ದಾರೆ. ಆ ಅಕ್ಷರವು ವೇಗದ ಜೊತೆಗೆ ಟೈರಿನ ಒಳಕಟ್ಟು ಎಷ್ಟು ಶಾಖವನ್ನು ತಾಳಬಲ್ಲದು, ಭಾರದಡಿಯಲ್ಲಿ ಎಷ್ಟು ಬಿಗಿಯಾಗಿ ಆಕಾರ ಉಳಿಸಿಕೊಳ್ಳಬಲ್ಲದು ಎಂಬುದನ್ನೂ ಸೂಚಿಸುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಗದಗ ರಸ್ತೆಯ ಡಾಂಬರಿನ ಮೇಲೆ ಒಂದೂವರೆ ಟನ್ನಿನ ಕಾರನ್ನು ಓಡಿಸುವವರಿಗೆ ಈ ತಾಳಿಕೆಯ ಬೆಲೆ ಗೊತ್ತಾಗುತ್ತದೆ. ಕೈಪಿಡಿಯಲ್ಲಿ ಹೇಳಿದ ಭಾರದ ಅಂಕಿಗಾಗಲಿ ವೇಗದ ಅಕ್ಷರಕ್ಕಾಗಲಿ ಕಡಿಮೆಯಾದುದನ್ನು ಎಂದೂ ಒಪ್ಪಬಾರದು, ಹೆಚ್ಚಿನದಾದರೆ ಅಡ್ಡಿಯಿಲ್ಲ.

ಪಕ್ಕಗೋಡೆಯ ಮೇಲಿನ ಇನ್ನೊಂದು ಸಣ್ಣ ಗುರುತನ್ನು ಅಂಗಡಿಯವರೂ ಎಷ್ಟೋ ಸಲ ಗಮನಿಸುವುದಿಲ್ಲ. ಪೋರ್ಷೆಗಾಗಿ ಮಾಡಿದ ಟೈರಿನ ಮೇಲೆ ಎನ್0, ಎನ್1 ಅಥವಾ ಎನ್‌ಎ0 ಎಂದಿರುತ್ತದೆ. ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ, ಆಡಿಗೆ ಎಒ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಎಸ್ ಎಂಬ ಒಂದೇ ಹೆಸರಿನಲ್ಲಿ, ಒಂದೇ ಅಳತೆಯಲ್ಲಿ, ಈ ಗುರುತಿರುವ ಟೈರೂ ಇಲ್ಲದ ಟೈರೂ ಬರುತ್ತವೆ. ಗುರುತಿರುವುದನ್ನು ಆ ಕಾರಿನ ಭಾರ ಹಂಚಿಕೆ, ತೂಗುವ್ಯವಸ್ಥೆ (ಸಸ್ಪೆನ್ಷನ್) ಮತ್ತು ಸ್ಟಿಯರಿಂಗಿನ ಗುಣಕ್ಕೆ ಹೊಂದುವಂತೆ ಕಾರು ಕಂಪನಿಯೂ ಟೈರು ಕಂಪನಿಯೂ ಕೂಡಿ ರೂಪಿಸಿರುತ್ತವೆ. ಹಾಗಾಗಿ ರಬ್ಬರಿನ ಮಿಶ್ರಣವೂ ಒಳಕಟ್ಟೂ ಬೇರೆಯಾಗಿರಬಹುದು. ಗುರುತಿಲ್ಲದ ನಾಲ್ಕು ಉತ್ತಮ ಟೈರುಗಳನ್ನು ಒಟ್ಟಿಗೆ ಹಾಕಿಸಿದರೆ ಕಾರು ಚೆನ್ನಾಗಿಯೇ ಓಡಬಹುದು, ಆದರೆ ಎರಡರ ಮೇಲೆ ಗುರುತಿದ್ದು ಎರಡರ ಮೇಲೆ ಇಲ್ಲದ ಬೆರಕೆಯನ್ನು ಮಾತ್ರ ಮಾಡಬಾರದು.

ಬೆರಕೆಯ ಫಲವನ್ನು ನಾನು ಸ್ವತಃ ಉಂಡಿದ್ದೇನೆ. ಒಂದು ಮಳೆಗಾಲದಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಬರುವಾಗ ನೀರು ತುಂಬಿದ ತಗ್ಗೊಂದಕ್ಕೆ ಹಿಂದಿನ ಎಡಗಾಲಿ ಬಡಿದು, ಮರುದಿನ ಪಕ್ಕಗೋಡೆಯ ಮೇಲೆ ನಿಂಬೆಹಣ್ಣಿನಷ್ಟು ಉಬ್ಬು ಎದ್ದಿತ್ತು. ಆ ಉಬ್ಬು ಎಂದರೆ ಒಳಗಿನ ನೂಲುಗಳು ಹರಿದಿವೆ ಎಂದರ್ಥ. ಅದಕ್ಕೆ ದುರಸ್ತಿ ಇಲ್ಲ. ವಾರಾಂತ್ಯಕ್ಕೆ ಅಂಕೋಲೆಗೆ ಹೋಗಬೇಕಾಗಿತ್ತು. ಅಂಗಡಿಯೊಂದರಲ್ಲಿ ಅದೇ ಅಳತೆಯ, ಬೇರೆ ಕಂಪನಿಯ ಒಂದೇ ಒಂದು ಟೈರು ಸಿಕ್ಕಿತು, ಹಾಕಿಸಿಕೊಂಡು ಹೊರಟೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟದಲ್ಲಿ ಸಣ್ಣ ಮಳೆ ಹಿಡಿದಿತ್ತು. ಎಡ ತಿರುವುಗಳಲ್ಲಿ ಸರಿಯಾಗಿದ್ದ ಕಾರು ಬಲ ತಿರುವಿನಲ್ಲಿ ಹಿಂಭಾಗವನ್ನು ಹೊರಕ್ಕೆ ಎಳೆದುಕೊಂಡಿತು. ಸ್ಥಿರತಾ ದೀಪ ಮಿಣುಕಿ, ವ್ಯವಸ್ಥೆಯೇ ಬ್ರೇಕು ಹಾಕಿ ಕಾರನ್ನು ಸರಿಪಡಿಸಿತು. ಹೆಂಡತಿ, ಮಗು ಜೊತೆಗಿದ್ದರು. ಅಂದಿನಿಂದ ಒಂದೇ ಆಕ್ಸಲಿನ ಎಡ-ಬಲ ಎರಡು ಟೈರುಗಳನ್ನು ಜೋಡಿಯಾಗಿ ಅಲ್ಲದೆ ನಾನು ಬದಲಿಸಿದ್ದಿಲ್ಲ. ಎರಡೂ ಟೈರುಗಳು ಒಂದೇ ಬಗೆಯವಾಗಿದ್ದರೂ ಒಂದೇ ಆಕ್ಸಲಿನ ಎಡ-ಬಲಗಳ ಗೀರಿನ ಆಳದಲ್ಲಿ ಶೇಕಡ 30ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದೆಂಬುದು ಪೋರ್ಷೆಯ ಸೂಚನೆ. ಹಿಂಗಾಲಿಯ ಚಾಲನೆಯ ಕಾರುಗಳಲ್ಲಿ ಹಿಂದಿನ ಜೋಡಿ ಬೇಗ ಸವೆಯುವುದು ಸಹಜವಾದ್ದರಿಂದ, ಮುಂದಿನವು ಚೆನ್ನಾಗಿದ್ದರೆ ಅದೇ ಮಾದರಿಯ, ಅದೇ ಗುರುತಿನ ಹಿಂದಿನ ಜೋಡಿಯನ್ನಷ್ಟೇ ತರಿಸಬಹುದು. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಕಾರಾದರೆ ಕೈಪಿಡಿ ಒಪ್ಪುವ ವ್ಯತ್ಯಾಸವನ್ನು ಮೊದಲು ನೋಡಿಕೊಳ್ಳಬೇಕು, ಮೀರಿದ್ದರೆ ನಾಲ್ಕನ್ನೂ ಬದಲಿಸಬೇಕು.

ಯಾವ ಬಗೆಯ ಟೈರು ಎಂಬ ಪ್ರಶ್ನೆ ನಮ್ಮ ಹವಾಮಾನದಲ್ಲಿ ಸುಲಭವಾಗಿಯೇ ಬಗೆಹರಿಯುತ್ತದೆ. ಬೇಸಿಗೆ ಟೈರು ಎಂದು ಯುರೋಪಿನಲ್ಲಿ ಕರೆಯುವ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಧಾರವಾಡದ ಡಿಸೆಂಬರ್ ಬೆಳಗಿನಲ್ಲಿಯೂ ಆ ಚಳಿ ಬರುವುದಿಲ್ಲ. ಆದ್ದರಿಂದ ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಎಸ್, ಪಿರೆಲ್ಲಿ ಪಿ ಝೀರೊ, ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್ 7, ಬ್ರಿಜ್‌ಸ್ಟೋನ್ ಪೊಟೆನ್ಜಾ ಸ್ಪೋರ್ಟ್ ಇವುಗಳ ವರ್ಗವೇ ವರ್ಷವಿಡೀ ಸಾಕು. ಪೈಲಟ್ ಸ್ಪೋರ್ಟ್ ಕಪ್ 2 ಎಂಬುದು ರೇಸ್ ಟ್ರ್ಯಾಕನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಬಿಸಿಯಾದಾಗ ಅದರ ಹಿಡಿತ ಅಪೂರ್ವವಾದದ್ದು ನಿಜ, ಆದರೆ ನೀರನ್ನು ಹೊರಹಾಕುವ ಗೀರುಗಳು ಕಡಿಮೆ, ಸವೆತವೂ ವೇಗ. ಜುಲೈ ತಿಂಗಳಿನಲ್ಲಿ ಧಾರವಾಡದಲ್ಲಿ ವಾಸಿಸುವವರು ಅದನ್ನು ಹಾಕಿಸಿಕೊಳ್ಳುವುದನ್ನು ನಾನು ಒಪ್ಪಲಾರೆ. ಸವೆತವನ್ನು ಸೂಚಿಸುವ ಅಂಕಿಯೂ ಪಕ್ಕಗೋಡೆಯ ಮೇಲಿರುತ್ತದೆ. ಪೈಲಟ್ ಸ್ಪೋರ್ಟ್ 4 ಎಸ್‌ಗೆ ಅದು 300. ಅಂಕಿ ಹೆಚ್ಚಾದಷ್ಟೂ ಬಾಳಿಕೆ ಹೆಚ್ಚು ಎಂಬುದು ಅದರ ತತ್ವವಾದರೂ, ಆ ಅಂಕಿಯನ್ನು ಪ್ರತಿ ಕಂಪನಿಯೂ ತನ್ನದೇ ಪರೀಕ್ಷೆಯಿಂದ ಕೊಡುವುದರಿಂದ ಒಂದು ಕಂಪನಿಯ ಟೈರುಗಳನ್ನು ತಮ್ಮತಮ್ಮಲ್ಲಿ ಹೋಲಿಸಲಷ್ಟೇ ಅದನ್ನು ಬಳಸಬೇಕು. ನನ್ನ ಮಟ್ಟಿಗೆ, ಒದ್ದೆ ರಸ್ತೆಯಲ್ಲಿ ಚೆನ್ನಾಗಿ ನಿಲ್ಲುವ ಟೈರು ಮೂರು ಸಾವಿರ ಕಿಲೋಮೀಟರ್ ಬೇಗ ಸವೆದರೂ ಅದೇ ಸರಿಯಾದ ಆಯ್ಕೆ.

ತಗ್ಗು ಮತ್ತು ಹಂಪುಗಳ ವಿಷಯದಲ್ಲಿ ಒಂದು ಮಾತು. 245/35 ಟೈರಿನ ಪಕ್ಕಗೋಡೆಯ ಎತ್ತರ 86 ಮಿಲಿಮೀಟರ್ ಮಾತ್ರ. ತಗ್ಗಿನ ಅಂಚು ರಿಮ್ಮಿಗೆ ಬಡಿಯಲು ಹೆಚ್ಚಿನ ದೂರವೇನೂ ಉಳಿದಿರುವುದಿಲ್ಲ. ಕೈಪಿಡಿಯಲ್ಲಿ ಅದೇ ಕಾರಿಗೆ ಒಂದು ಇಂಚು ಚಿಕ್ಕ ರಿಮ್ಮು ಮತ್ತು ಎತ್ತರದ ಪಕ್ಕಗೋಡೆಯ ಟೈರನ್ನು ಒಪ್ಪಿದ್ದರೆ, ಹುಬ್ಬಳ್ಳಿಯ ಒಳರಸ್ತೆಗಳಲ್ಲಿ ದಿನವೂ ಓಡಿಸುವವರಿಗೆ ಅದು ನಿಜವಾದ ನೆಮ್ಮದಿ. ಆದರೆ ಆ ರಿಮ್ಮು ಬ್ರೇಕಿನ ಕ್ಯಾಲಿಪರಿಗೆ ತಾಗುವುದಿಲ್ಲವೆಂದು ಕಂಪನಿಯೇ ಹೇಳಿರಬೇಕು. ಅಂದಾಜಿನಿಂದ ಮಾಡುವ ಕೆಲಸ ಇದಲ್ಲ. ರನ್‌ಫ್ಲಾಟ್ ಟೈರಿನೊಂದಿಗೆ ಬಂದ ಕಾರಿಗೆ ಸಾಮಾನ್ಯ ಟೈರು ಹಾಕಿಸಿದರೆ ಸವಾರಿ ಮೃದುವಾಗುತ್ತದೆ, ಆದರೆ ಗಾಳಿ ಪೂರ್ತಿ ಹೋದರೂ ಗಂಟೆಗೆ 80ರ ವೇಗದಲ್ಲಿ ಸುಮಾರು 80 ಕಿಲೋಮೀಟರ್ ಸಾಗುವ ಸೌಲಭ್ಯ ಕೈತಪ್ಪುತ್ತದೆ. ಜಾಲಿ ಮುಳ್ಳಿನ ನಮ್ಮ ಸೀಮೆಯಲ್ಲಿ, ಸ್ಟೆಪ್ನಿ ಇಲ್ಲದ ಕಾರಿನಲ್ಲಿ ರಾತ್ರಿ ಪ್ರಯಾಣ ಮಾಡುವವರು ಇದನ್ನು ಚೆನ್ನಾಗಿ ಯೋಚಿಸಬೇಕು.

ಕೊಳ್ಳುವಾಗ ಅವಸರ ಮಾಡಬಾರದು. ಕೇಂದ್ರ ಸರ್ಕಾರ 2020ರ ಜೂನ್ ತಿಂಗಳಿನಲ್ಲಿ ಕಾರು ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿ ಪರವಾನಗಿಯನ್ನು ಕಡ್ಡಾಯ ಮಾಡಿತು; 20, 21 ಇಂಚಿನ ಅಪರೂಪದ ಅಳತೆಗಳು ಹುಬ್ಬಳ್ಳಿಯ ಗೋಕುಲ ರಸ್ತೆಯ ಅಂಗಡಿಯಲ್ಲಿ ಕೇಳಿದ ದಿನವೇ ಸಿಗುವವಲ್ಲ, ಬೆಂಗಳೂರು ಅಥವಾ ಪುಣೆಯಿಂದ ತರಿಸಬೇಕು. ಗೀರು 4 ಮಿಲಿಮೀಟರಿಗೆ ಇಳಿದಾಗಲೇ ವಿಚಾರಿಸತೊಡಗಿದರೆ ಸಿಕ್ಕಿದ್ದನ್ನು ಕೊಳ್ಳುವ ಸಂಕಟ ಬರುವುದಿಲ್ಲ. ಹಣ ಕಟ್ಟುವ ಮುನ್ನ ಪಕ್ಕಗೋಡೆಯ ಚಿತ್ರಗಳನ್ನು ತರಿಸಿಕೊಳ್ಳಬೇಕು: ಅಳತೆ, ಭಾರ ಮತ್ತು ವೇಗದ ಗುರುತು, ಕಾರು ಕಂಪನಿಯ ಗುರುತು, ತಯಾರಿಕೆಯ ನಾಲ್ಕು ಅಂಕಿ. 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ಆದದ್ದು. ಬೇಡಿಕೆ ಕಡಿಮೆ ಇರುವ ಅಳತೆಗಳು ಗೋದಾಮಿನಲ್ಲಿ ವರ್ಷಗಟ್ಟಲೆ ಕೂರುವುದರಿಂದ ಈ ನಾಲ್ಕು ಅಂಕಿಗಳಿಗೆ ನಾನು ಬೆಲೆಗಿಂತ ಹೆಚ್ಚು ಗಮನ ಕೊಡುತ್ತೇನೆ. ಎರಡು ವರ್ಷಕ್ಕಿಂತ ಹಳೆಯದನ್ನು ಹೊಸದರ ಬೆಲೆಗೆ ಕೊಳ್ಳಬೇಡಿ. ಮನೆಯಲ್ಲಿರುವ ಕಾರು ಎಷ್ಟೇ ಕಡಿಮೆ ಓಡಿದ್ದರೂ, ಆರು ವರ್ಷ ದಾಟಿದ ಟೈರಿನಲ್ಲಿ ಗೀರಿನ ಆಳ ಪೂರ್ತಿ ಉಳಿದಿದ್ದರೂ, ರಬ್ಬರು ಒಣಗಿರುತ್ತದೆ. ಬಿಲ್ಲಿನಲ್ಲಿ ಈ ಎಲ್ಲ ಗುರುತುಗಳನ್ನೂ ಬರೆಸಿಕೊಳ್ಳುವುದು ವಾರಂಟಿಗೂ ಉಪಯೋಗಕ್ಕೆ ಬರುತ್ತದೆ.

ಟೈರು ಒಂದೂರಿನಿಂದ ಬಂದರೂ ಕೂರಿಸುವ ಜಾಗವನ್ನು ಪ್ರತ್ಯೇಕವಾಗಿ ಆರಿಸಬಹುದು. ಕಬ್ಬಿಣದ ಸನ್ನೆಕೋಲನ್ನು ರಿಮ್ಮಿನ ಅಂಚಿಗೆ ಆನಿಸಿ ಟೈರನ್ನು ಎಬ್ಬಿಸುವ ಯಂತ್ರವು ಇಂಥ ಬಿಗಿಯಾದ, ಗಿಡ್ಡ ಪಕ್ಕಗೋಡೆಯ ಟೈರಿನ ಅಂಚುತಂತಿಯನ್ನೂ ರಿಮ್ಮಿನ ಬಣ್ಣವನ್ನೂ ಹಾಳು ಮಾಡಬಲ್ಲದು. ಸನ್ನೆಕೋಲು ಬಳಸದ ಯಂತ್ರ ಅಲ್ಲಿದೆಯೇ, ಗಾಳಿ ಒತ್ತಡದ ಸಂವೇದಕವನ್ನು ತಪ್ಪಿಸಿ ಕೆಲಸ ಮಾಡಿ ಅಭ್ಯಾಸವಿದೆಯೇ ಎಂದು ಕೇಳಬೇಕು. ಬೋಲ್ಟುಗಳನ್ನು ಗನ್ನಿನಿಂದ ಕೊನೆಯವರೆಗೆ ಬಿಗಿಯದೆ ಟಾರ್ಕ್ ರೆಂಚಿನಿಂದ ಕೈಪಿಡಿಯ ಅಂಕಿಗೆ ಬಿಗಿಸಬೇಕು. ಪೋರ್ಷೆಯ ಜಿಟಿ3ಯಂಥ ಕಾರುಗಳ ನಡುವಿನ ಒಂದೇ ನಟ್ಟಿಗೆ ಬೇಕಾಗುವುದು 600 ನ್ಯೂಟನ್ ಮೀಟರ್. ಅಂಥ ರೆಂಚು ಇಲ್ಲದ ಕಡೆ ಆ ಕೆಲಸಕ್ಕೆ ಕೈಹಾಕಲು ಬಿಡಬಾರದು. ಹೊರಮುಖ ಎಂದು ಬರೆದಿರುವ ಬದಿ ಹೊರಗೇ ಇದೆಯೇ ಎಂದು ಪ್ರತಿ ಗಾಲಿಯನ್ನೂ ನೀವೇ ನೋಡಿ. ಕೊನೆಗೆ ನಾಲ್ಕು ಗಾಲಿಯ ಅಲೈನ್‌ಮೆಂಟ್ ಮಾಡಿಸಿ, ಮುಂಚಿನ ಮತ್ತು ನಂತರದ ಅಂಕಿಗಳ ಕಾಗದವನ್ನು ಪಡೆಯಬೇಕು, ಏಕೆಂದರೆ ಹಳೆಯ ಟೈರಿನ ಒಳ ಅಂಚನ್ನು ತಿಂದ ಕಾರಣ ಆ ಕಾಗದದಲ್ಲಿರುತ್ತದೆ.

ಹೊಸ ಟೈರಿನ ಮೇಲ್ಮೈ ಅಚ್ಚಿನಿಂದ ಬಂದ ನುಣುಪನ್ನು ಕಳೆದುಕೊಳ್ಳುವವರೆಗೆ, ಅಂದರೆ ಮೊದಲ 200 ಕಿಲೋಮೀಟರ್, ಪೂರ್ಣ ಹಿಡಿತ ಕೊಡುವುದಿಲ್ಲ. ಹುಬ್ಬಳ್ಳಿಯಿಂದ ಗದಗಕ್ಕೆ ಹೋಗಿ ಬಂದರೆ ಅದರ ಅರ್ಧಕ್ಕಿಂತ ಹೆಚ್ಚು ಆದಂತೆ. ಆ ದಾರಿಯನ್ನು ಒಣ ದಿನದಲ್ಲಿ, ಬಿರುಸಾದ ಬ್ರೇಕು ಮತ್ತು ವೇಗವರ್ಧನೆ ಇಲ್ಲದೆ ಸಾಗಬೇಕು. ಮರುದಿನ ಬೆಳಗ್ಗೆ ಬಿಸಿಲೇರುವ ಮುನ್ನ, ಕಾರು ತಣ್ಣಗಿರುವಾಗ, ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯ ಪ್ರಕಾರ ಮುಂದೆ ಹಿಂದೆ ಬೇರೆ ಬೇರೆ ಒತ್ತಡಕ್ಕೆ ಗಾಳಿ ತುಂಬಿಸಿ, ಬೋಲ್ಟುಗಳ ಬಿಗಿತವನ್ನು ಮತ್ತೊಮ್ಮೆ ನೋಡಿಸಿ, ಆಳಮಾಪಕದ ಮೊದಲ ಹನ್ನೆರಡು ಅಂಕಿಗಳನ್ನು ದಿನಾಂಕದೊಂದಿಗೆ ಬರೆದಿಡಿ.