ವೇಕ್‌ಸರ್ಫಿಂಗ್: ದೋಣಿಯ ಭಾರ ಹೊಂದಿಸುವುದು, ಶೇಪರ್ ಕೂರಿಸುವುದು ಹೇಗೆ?

ದೋಣಿಯ ಹಿಂದೆ ಏಳುವ ಅಲೆಯ ಮೇಲೆ ಹಲಗೆಯೇರಿ ಸಾಗುವ ಆಟವೇ ವೇಕ್‌ಸರ್ಫಿಂಗ್. ಟೆಕ್ಸಸ್‌ನ ಆಸ್ಟಿನ್ ನಗರಕ್ಕೆ ಹೊಂದಿಕೊಂಡಿರುವ ಟ್ರಾವಿಸ್ ಸರೋವರದಲ್ಲಿ ಬೇಸಿಗೆಯ ವಾರಾಂತ್ಯಗಳಲ್ಲಿ ಪಕ್ಕಕ್ಕೆ ವಾಲಿಕೊಂಡು ತೆವಳುವ ದೋಣಿಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಒಳಗಿದ್ದವರೆಲ್ಲ ಒಂದೇ ಬದಿಗೆ ಒತ್ತರಿಸಿ ಕುಳಿತಿರುತ್ತಾರೆ, ಹಿಂದೆ ಅಲೆಯ ಬದಲು ಬರೀ ನೊರೆ ಏಳುತ್ತಿರುತ್ತದೆ, ಅದನ್ನು ಸರಿಪಡಿಸಲೆಂದು, ಭಾರ ಹೆಚ್ಚಿಸಲು ಇನ್ನೊಂದು ಚೀಲಕ್ಕೆ ನೀರು ತುಂಬುವ ಕೆಲಸವೂ ನಡೆದಿರುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲಿ ಕಡಿಮೆಯಾಗಿರುವುದು ಭಾರವಲ್ಲ. ಭಾರವನ್ನು ಹಂಚಿದ ಕ್ರಮ ಮತ್ತು ಶೇಪರ್ (ಅಲೆಯನ್ನು ರೂಪಿಸಲು ದೋಣಿಯ ಬದಿಗೆ ಅಂಟಿಸುವ ಫಲಕ) ಕೂರಿಸಿದ ಜಾಗ ತಪ್ಪಾಗಿರುತ್ತವೆ.

ಮೊದಲು ದೋಣಿಯ ಜಾತಿ ನೋಡಿಕೊಳ್ಳಬೇಕು. ಸವಾರನು ದೋಣಿಯ ಬೆನ್ನಿಗೇ ಇರುವ ಆಟವಿದು. ಆದ್ದರಿಂದ ಪ್ರೊಪೆಲ್ಲರ್ ದೋಣಿಯ ತಳದ ಅಡಿಯಲ್ಲಿರುವ ಇನ್‌ಬೋರ್ಡ್ ದೋಣಿ, ಇಲ್ಲವೇ 2015ರಲ್ಲಿ ವೋಲ್ವೋ ಪೆಂಟಾ ತಂದ ಫಾರ್ವರ್ಡ್ ಡ್ರೈವ್‌ನಂತೆ ಪ್ರೊಪೆಲ್ಲರ್ ಮುಂದಕ್ಕೆ ಮುಖಮಾಡಿರುವ ದೋಣಿ ಮಾತ್ರ ಇದಕ್ಕೆ ಸಲ್ಲುತ್ತದೆ. ದೋಣಿಯ ಹಿಂತುದಿಯ ಹೊರಗೆ ತೂಗುವ ಔಟ್‌ಬೋರ್ಡ್ ಎಂಜಿನ್ನಿನ ಹಿಂದೆ ಸರ್ಫಿಂಗ್ ಮಾಡಲೇಬಾರದು. ಎಂಜಿನ್ ಓಡುತ್ತಿರುವಾಗ ಹಿಂಬದಿಯ ಹಲಗೆಯ ಮೇಲೆ ಯಾರೂ ಕೂರಬಾರದು. ಎಂಜಿನ್ನಿನ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು.

ಮುಂದಿನದು ಬ್ಯಾಲಸ್ಟ್, ಅಂದರೆ ದೋಣಿಯನ್ನು ತಗ್ಗಿಸಲು ಚೀಲಗಳಲ್ಲಿ ತುಂಬುವ ನೀರಿನ ಭಾರ. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ, ಅಂಗಡಿಯಲ್ಲಿ 750 ಪೌಂಡ್ ಎಂದು ಮಾರುವ ಚೀಲಕ್ಕೆ ಸುಮಾರು 340 ಲೀಟರ್ ಹಿಡಿಯುತ್ತದೆ. ಗಂಟೆಗೆ 800 ಗ್ಯಾಲನ್ ಎತ್ತುವ ಪಂಪಿಗೆ ಅದನ್ನು ತುಂಬಲು ಏಳು ನಿಮಿಷವಾದರೂ ಬೇಕು. ದೋಣಿ ಹೊರಬಹುದಾದ ಗರಿಷ್ಠ ತೂಕದಲ್ಲಿ ಜನರೂ ಬ್ಯಾಲಸ್ಟೂ ಎರಡೂ ಸೇರುತ್ತವೆ ಎಂಬುದನ್ನು ಮರೆಯುವವರೇ ಹೆಚ್ಚು. ಹಿಂಬದಿಯ ಎರಡು ಮೂಲೆಗಳಿಗೆ ಒಂದೊಂದು ಚೀಲ, ಮುಂಬದಿಗೆ ಒಂದು, ಒಟ್ಟು ಭಾರದಲ್ಲಿ ಹಿಂದೆ ಅರವತ್ತು ಪಾಲು, ಮುಂದೆ ನಲವತ್ತು ಪಾಲು: ಆರಂಭಕ್ಕೆ ಈ ಲೆಕ್ಕ ಸಾಕು. ಚೀಲದಲ್ಲಿ ಗಾಳಿ ಉಳಿಯದಂತೆ ಮುಚ್ಚಳ ಸಡಿಲಿಸಿ, ಒತ್ತಿ ಹೊರಹಾಕಬೇಕು. ತುಂಬಿದ ಕೊಡ ತುಳುಕದು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಅರೆತುಂಬಿದ ಚೀಲದ ನೀರು ತಿರುವಿನಲ್ಲಿ ಒಂದು ಬದಿಗೆ ನುಗ್ಗಿ ದೋಣಿಯನ್ನೇ ಎಳೆಯುತ್ತದೆ. ಹೊಲಿಗೆ ತೆಳುವಾಗಿರುವ ಅಗ್ಗದ ಚೀಲಗಳನ್ನು ಕೊಳ್ಳಬೇಡಿ. ಅವು ಒಡೆಯುವುದು ಎಂಜಿನ್ ಪಕ್ಕದಲ್ಲಿಯೇ.

ಇನ್ನು ಹೆಚ್ಚಿನವರು ಎಡವುವ ಹಂತ. ದೋಣಿ ಸಾಗುವಾಗ ತಳವು ನೀರಿನಲ್ಲಿ ಒಂದು ಹಳ್ಳ ಕೊರೆಯುತ್ತದೆ, ಆ ಹಳ್ಳವನ್ನು ತುಂಬಲು ಎರಡೂ ಬದಿಯ ನೀರು ನುಗ್ಗಿ ಬಂದು ಹಿಂದೆ ಡಿಕ್ಕಿ ಹೊಡೆಯುತ್ತದೆ, ನೊರೆ ಹುಟ್ಟುವುದು ಅಲ್ಲಿಯೇ. ಶೇಪರ್ ಒಂದು ಬದಿಯ ನೀರನ್ನು ಹೊರಕ್ಕೆ ತಳ್ಳಿ ತಡಮಾಡಿಸುತ್ತದೆ. ಆಗ ಇನ್ನೊಂದು ಬದಿಯ ಅಲೆ ಕದಡದೆ ನೀಳವಾಗಿ ಏಳುತ್ತದೆ. ಹೀಗಾಗಿ ಶೇಪರ್ ಇರಬೇಕಾದದ್ದು ಸವಾರನ ಬದಿಯಲ್ಲಲ್ಲ, ಅದರ ಎದುರು ಬದಿಯಲ್ಲಿ. ಎಡಗಾಲು ಮುಂದಿಟ್ಟು ನಿಲ್ಲುವವರು ಸಾಮಾನ್ಯವಾಗಿ ದೋಣಿಯ ಎಡಬದಿಯ ಅಲೆಯನ್ನು ಬಯಸುತ್ತಾರೆ. ಅವರಿಗಾಗಿ ಶೇಪರನ್ನು ಬಲಬದಿಗೆ ಅಂಟಿಸಬೇಕು.

ಬ್ಯಾಲಸ್ಟ್ ತುಂಬಿದ ಮೇಲೆಯೇ ಅಂಟಿಸಬೇಕು, ಏಕೆಂದರೆ ಭಾರ ಬಿದ್ದಂತೆ ದೋಣಿ ತಗ್ಗಿ, ನೀರಿನ ಗೆರೆ ಮೇಲಕ್ಕೆ ಸರಿಯುತ್ತದೆ. ಎಂಜಿನ್ ಆರಿಸಿ, ದೋಣಿಯ ಮೈಯನ್ನು ಬಟ್ಟೆಯಿಂದ ಉಜ್ಜಿ ಪಾಚಿಯ ಜಾರು ಪದರವನ್ನು ತೆಗೆಯಿರಿ. ಶೇಪರನ್ನು ದೋಣಿಗೆ ಹಿಡಿದಿಡುವ ಸಕ್ಷನ್ ಕಪ್ಪಿನ ಅಂಚಿನ ಸುತ್ತ ಬೆರಳಾಡಿಸಿ ನೋಡಿ, ಒಂದೇ ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೂ ಹಿಡಿತ ನಿಲ್ಲದು. ಜಾಗವು ದೋಣಿಯ ಹಿಂತುದಿಗೆ ಕೆಲವೇ ಅಂಗುಲ ಮುಂದೆ, ಮೇಲಂಚು ನೀರಿನ ಗೆರೆಯ ಆಸುಪಾಸಿನಲ್ಲಿ, ಉಳಿದ ಭಾಗ ನೀರಿನೊಳಗೆ ಇರುವಂತಿರಲಿ. ಕಪ್ಪುಗಳು ಉಬ್ಬುಗೆರೆ, ಸ್ಟಿಕ್ಕರಿನ ಅಂಚು, ನೀರು ಹೊರಬರುವ ರಂಧ್ರ ಇವುಗಳ ಮೇಲೆ ಬೀಳಬಾರದು. ಒತ್ತಿ ಹಿಡಿದು ಗಾಳಿ ಎಳೆದ ಬಳಿಕ ಬಲವಾಗಿ ಜಗ್ಗಿ ಪರೀಕ್ಷಿಸಿ. ಸುರಕ್ಷತಾ ಹಗ್ಗವನ್ನು ದೋಣಿಯ ಗೂಟಕ್ಕೆ ಕಟ್ಟಲೇಬೇಕು, ಮತ್ತು ಕಳಚಿಬಿದ್ದರೂ ಪ್ರೊಪೆಲ್ಲರನ್ನು ಮುಟ್ಟದಷ್ಟು ಗಿಡ್ಡವಾಗಿ ಕಟ್ಟಬೇಕು. ಹಲಗೆ ಕತ್ತರಿಸಿ ಮನೆಯಲ್ಲೇ ಶೇಪರ್ ಮಾಡಿಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಕಪ್ಪುಗಳಲ್ಲಿ ಉಳಿತಾಯ ಮಾಡಲು ಹೋಗಬಾರದು.

ಶೇಪರ್ ಇದ್ದಾಗ ದೋಣಿಯನ್ನು ವಾಲಿಸುವ ಅಗತ್ಯವಿಲ್ಲ. ಎರಡೂ ಬದಿಗೆ ಸಮ ಭಾರ, ಸವಾರನ ಬದಿಗೆ ಬೇಕಿದ್ದರೆ ಒಬ್ಬರು ಹೆಚ್ಚು, ಅಷ್ಟು ಸಾಕು. ಗಂಟೆಗೆ 10ರಿಂದ 12 ಮೈಲಿ ವೇಗದಲ್ಲಿ ಓಡಿಸಿ, ಅಲೆಯನ್ನು ನೋಡಿ ತಿದ್ದಿಕೊಳ್ಳಿ. ಅಲೆ ಎತ್ತರವಿದ್ದೂ ಉದ್ದ ಸಾಲದಿದ್ದರೆ ಭಾರವನ್ನು ಮುಂದಕ್ಕೆ ಸರಿಸಬೇಕು. ನೀಳವಿದ್ದೂ ತಗ್ಗಾಗಿದ್ದರೆ ಹಿಂದಕ್ಕೆ. ತುದಿ ನೊರೆಗಟ್ಟಿ ಕುಸಿಯುತ್ತಿದ್ದರೆ ಮೊದಲು ವೇಗವನ್ನು ಕೊಂಚ ಏರಿಸಿ, ಆಮೇಲೆ ಶೇಪರನ್ನು ಒಂದೆರಡು ಅಂಗುಲ ಕೆಳಗಿಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಆ ಹೊತ್ತಿನಲ್ಲಿ ಯಾರೂ ಜಾಗ ಬದಲಿಸದಂತೆ ನೋಡಿಕೊಳ್ಳಿ. ಮುಂಬದಿ ಭಾರವಾಗಿರುವಾಗ ಥಟ್ಟನೆ ವೇಗ ತಗ್ಗಿಸಿ ಹಿಂತಿರುಗಿದರೆ ತನ್ನದೇ ಅಲೆ ದೋಣಿಯೊಳಕ್ಕೆ ನುಗ್ಗುತ್ತದೆ.

ದಡದಿಂದ ದೂರವಿರಿ. ಅಮೆರಿಕದ ವರ್ಮಾಂಟ್ ರಾಜ್ಯವು 2024ರಲ್ಲಿ ಈ ಆಟಕ್ಕೆ ದಡದಿಂದ 500 ಅಡಿ ದೂರ ಮತ್ತು 20 ಅಡಿ ಆಳವನ್ನು ಕಡ್ಡಾಯ ಮಾಡಿತು. ಅಂಥ ನಿಯಮವಿಲ್ಲದ ಕಡೆಯೂ ನಾನು ಅದನ್ನೇ ಪಾಲಿಸಲು ಹೇಳುತ್ತೇನೆ.

ಆಟ ಮುಗಿದ ಮೇಲೆ ವೇಗವಾಗಿ ಹಿಂದಿರುಗುವ ಮೊದಲು ಶೇಪರ್ ಕಳಚಿ. ಟ್ರಾವಿಸ್‌ನಲ್ಲಿ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಹರಡಿದೆ, ಅದರ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ. ದೋಣಿಯಲ್ಲಿನ ನೀರನ್ನೆಲ್ಲ ಬಸಿದೇ ಸರೋವರ ಬಿಡಬೇಕೆಂಬುದು ಟೆಕ್ಸಸ್‌ನ ಕಾನೂನು. ಚೀಲದ ಮೂಲೆಯಲ್ಲಿ ಉಳಿಯುವ ಕೊನೆಯ ನೀರನ್ನು ಪಂಪು ಎಳೆಯುವುದಿಲ್ಲ; ಚೀಲವನ್ನು ಹೊರತೆಗೆದು, ಮುಚ್ಚಳ ಬಿಚ್ಚಿ, ಬಾಯಿ ಕೆಳಗಾಗಿ ತೂಗುಹಾಕಿ ಒಣಗಿಸಬೇಕು.