ಬಾರ್ಬಡೋಸ್‌ನಲ್ಲಿ ಬಾಡಿಗೆ ಕಾರು ಓಡಿಸುವುದು ಹೇಗೆ?

ಬಾರ್ಬಡೋಸ್‌ನಲ್ಲೂ ನಮ್ಮ ಹಾಗೆ ಎಡಬದಿಯಲ್ಲೇ ಓಡಾಟ, ಸ್ಟೀರಿಂಗ್ ಬಲಕ್ಕೆ. ಬೆಂಗಳೂರಿನಿಂದ ಹೋದವರು ಇಷ್ಟು ಕೇಳಿಯೇ ‘ಇನ್ನೇನು ಬಿಡು’ ಅಂತ ಹೊರಟುಬಿಡುತ್ತಾರೆ. ಎಡವುವುದು ಮೊದಲ ರೌಂಡಬೌಟ್‌ನಲ್ಲಿ, ಅಂದರೆ ಸುತ್ತಿ ಹೋಗುವ ಸರ್ಕಲ್‌ನಲ್ಲಿ. ಅಮೆರಿಕದಲ್ಲಿ ನೆಲೆಸಿದ ನಮ್ಮವರು ವಿಮಾನ ನಿಲ್ದಾಣದ ಗೇಟಿನಲ್ಲೇ ಬಲಕ್ಕೆ ಎಳೆದಿರುತ್ತಾರೆ.

ಮೊದಲು ಕಾರು. ಸಿಗುವುದರಲ್ಲಿ ಚಿಕ್ಕ ಆಟೊಮ್ಯಾಟಿಕ್ ತೆಗೆದುಕೊಳ್ಳಿ. ಬಾಗಿಲಿಲ್ಲದ ‘ಮೋಕ್’ ಗಾಡಿ ಫೋಟೊಗೆ ಚೆನ್ನ. ಮಳೆ ಬಂದರೆ ನೆನೆಯುತ್ತೀರಿ, ಬೀಚ್‌ಗೆ ಇಳಿದರೆ ಸಾಮಾನಿಗೆ ಬೀಗವಿಲ್ಲ. ಬೇಡವೇ ಬೇಡ.

ಊರಿನ ಲೈಸೆನ್ಸ್ ಜೊತೆಗೆ ಅಲ್ಲಿನ ವಿಸಿಟರ್ ಪರ್ಮಿಟ್ ಬೇಕು. ಶುಲ್ಕ ಕೊಟ್ಟರೆ ಬಾಡಿಗೆಯವರೇ ಮಾಡಿಸಿಕೊಡುತ್ತಾರೆ. ದರ ಹೇಳಿದಾಗ ಯಾವ ಡಾಲರ್ ಅಂತ ಕೇಳಿ. ಒಂದು ಅಮೆರಿಕನ್ ಡಾಲರ್‌ಗೆ ಎರಡು ಬಾರ್ಬಡೋಸ್ ಡಾಲರ್, 1975ರಿಂದ ಇದೇ ಲೆಕ್ಕ.

ವಿಮೆ ಇದ್ದರೂ ಡಿಕ್ಕಿಯಾದರೆ ನಿಮ್ಮ ಜೇಬಿನಿಂದ ಎಷ್ಟು ಹೋಗುತ್ತದೆ ಅನ್ನುವ ಮೊತ್ತ ಕಾಗದದಲ್ಲಿರುತ್ತದೆ. ಅದನ್ನು ಓದಿಯೇ ಸಹಿ ಹಾಕಿ. ಟೈರು, ರಿಮ್ಮು, ಗಾಜು ಎಲ್ಲದರ ವಿಡಿಯೊ ಮಾಡಿಕೊಳ್ಳಿ.

ಈಗ ರೌಂಡಬೌಟ್. ವಿಮಾನ ನಿಲ್ದಾಣದ ಕಡೆಯಿಂದ ಬರುವ ಎಬಿಸಿ ಹೆದ್ದಾರಿಯಲ್ಲಿ ಇವು ಒಂದರ ಹಿಂದೊಂದು ಬರುತ್ತವೆ. ಗ್ಯಾರಿ ಸೋಬರ್ಸ್, ಎವರ್ಟನ್ ವೀಕ್ಸ್, ಕ್ಲೈಡ್ ವಾಲ್ಕಾಟ್‌ರಂಥ ಅಲ್ಲಿನ ಕ್ರಿಕೆಟಿಗರ ಹೆಸರೆಲ್ಲ ಇವಕ್ಕಿವೆ. ದಾರಿ ಕೇಳಿದರೆ ಈ ಹೆಸರುಗಳಲ್ಲೇ ಹೇಳುತ್ತಾರೆ.

ಹತ್ತಿರ ಬರುವ ಮೊದಲೇ ಎಷ್ಟನೇ ದಾರಿಗೆ ಹೊರಬೀಳಬೇಕು ಅಂತ ಪಕ್ಕದಲ್ಲಿ ಕೂತವರು ಎಣಿಸಿ ಹೇಳಲಿ. ರಸ್ತೆಯ ಮೇಲಿನ ಬಾಣ ನೋಡಿ ಲೇನ್ ಹಿಡಿಯಿರಿ. ಒಳಗೆ ಹೋದ ಮೇಲೆ ಲೇನ್ ಬದಲಿಸಲು ಹೋಗಬೇಡಿ. ಗೆರೆಯ ಹತ್ತಿರ ನಿಧಾನಿಸಿ ಬಲಕ್ಕೆ ನೋಡಿ. ಒಳಗೆ ಸುತ್ತುತ್ತಿರುವ ಗಾಡಿಗೆ ಮೊದಲ ಹಕ್ಕು. ನಮ್ಮ ಸರ್ಕಲ್‌ಗಳಲ್ಲಿ ಮೂತಿ ತೂರಿಸಿದರೆ ಎದುರಿನವನು ಬ್ರೇಕ್ ಹಾಕುತ್ತಾನೆ. ಇಲ್ಲಿ ನೀವು ನಿಲ್ಲುತ್ತೀರಿ ಅಂತ ನಂಬಿಕೊಂಡೇ ಆತ ಬರುತ್ತಿರುತ್ತಾನೆ. ಒಳಗೆ ಹೋದವರು ಹೊಸಬರಿಗೆ ದಾರಿ ಬಿಡಲು ನಿಲ್ಲುವುದೂ ತಪ್ಪು, ಹಿಂದಿನವನು ಬಂದು ಗುದ್ದುತ್ತಾನೆ. ನಿಮ್ಮ ದಾರಿಗಿಂತ ಹಿಂದಿನ ದಾರಿ ದಾಟಿದ ಕೂಡಲೇ ಎಡ ಇಂಡಿಕೇಟರ್ ಹಾಕಿ. ತಪ್ಪಿಹೋಯಿತಾ? ಇನ್ನೊಂದು ಸುತ್ತು ಹಾಕಿ, ಯಾರೂ ನಗುವುದಿಲ್ಲ. ಅಮೆರಿಕದವರು ಒಂದು ಮಾತು ಜಾಸ್ತಿ ನೆನಪಿಡಬೇಕು: ಒಳಗೆ ಹೋಗುವಾಗ ಎಡಕ್ಕೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ.

ಹೆಡ್‌ಲೈಟ್ ಮಿಟುಕಿಸಿದರೆ ನಮ್ಮಲ್ಲಿ ‘ನಾನು ಬರ್ತಿದ್ದೀನಿ, ಪಕ್ಕಕ್ಕೆ ಸರಿ’ ಅಂತ ಅಲ್ವಾ? ಅಲ್ಲಿ ಸಾಮಾನ್ಯವಾಗಿ ‘ನೀವು ಹೋಗಿ’ ಅಂತ. ಆದರೂ ರಸ್ತೆ ನೋಡಿಕೊಂಡೇ ಹೋಗಿ. ಸಣ್ಣ ಹಾರ್ನ್ ಬಹಳ ಸಲ ಥ್ಯಾಂಕ್ಸ್. ನಿಮ್ಮ ನಂಬರ್ ಪ್ಲೇಟ್ ಎಚ್ ಅಕ್ಷರದಿಂದ ಶುರುವಾಗುತ್ತದೆ, ಬಾಡಿಗೆ ಗಾಡಿ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಒಳ್ಳೆಯದೇ, ಜನ ಸಹಿಸಿಕೊಳ್ಳುತ್ತಾರೆ. ಜನ ತುಂಬಿಕೊಂಡು ನುಗ್ಗುವ ಝಡ್‌ಆರ್ ನಂಬರ್ ಪ್ಲೇಟಿನ ಖಾಸಗಿ ವ್ಯಾನ್‌ಗಳ ಜೊತೆ ಮಾತ್ರ ಪೈಪೋಟಿ ಬೇಡ.

ಬಾತ್‌ಶೀಬಾ ಕಡೆಯ ಪೂರ್ವ ಕರಾವಳಿ ನೋಡಲೇಬೇಕು. ಆದರೆ ಕಬ್ಬು ಎದ್ದು ನಿಂತ ಕಾಲದಲ್ಲಿ ಆ ಕಿರಿದಾದ ದಾರಿಗಳ ತಿರುವು ಕಾಣುವುದಿಲ್ಲ. ಸಂಜೆ ಆರರೊಳಗೆ ವಾಪಸಾಗಿ.

ಬೀಚ್‌ನಲ್ಲಿ ನೆರಳಿಗೆ ಆಸೆಪಟ್ಟು ಮ್ಯಾಂಚಿನೀಲ್ ಮರದಡಿ ನಿಲ್ಲಿಸಬೇಡಿ. ಅದರ ಹಾಲು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಕಾರಿನ ಬಣ್ಣವೂ ಕೆಡುತ್ತದೆ. ಕೆಲವು ಮರಗಳಿಗೆ ಕೆಂಪು ಪಟ್ಟಿ ಬಳಿದಿರುತ್ತಾರೆ, ಎಲ್ಲಕ್ಕೂ ಅಲ್ಲ.

ಕಾರು ಒಪ್ಪಿಸುವಾಗ ತೆಗೆದುಕೊಂಡಷ್ಟೇ ಪೆಟ್ರೋಲ್ ಇರಲಿ. ಡೆಪಾಸಿಟ್ ಕಾರ್ಡಿಗೆ ವಾಪಸ್ ಬರುವವರೆಗೂ ವಿಡಿಯೊ ಅಳಿಸಬೇಡಿ.