ಇಂಜಿನಿಯರಿಂಗ್ ಮಧ್ಯದಲ್ಲೇ ಬಿಟ್ಟಾಗ ಲೋನು, ಸ್ಕಾಲರ್‌ಶಿಪ್ ಏನಾಯ್ತು: ನನ್ನ ಅನುಭವ

ನಾನು ಥರ್ಡ್ ಸೆಮ್‌ನಲ್ಲಿ ಕಾಲೇಜ್ ಬಿಟ್ಟೆ. ಬೆನ್ನುಮೂಳೆಗೆ ಟಿಬಿ ಆಗಿತ್ತು, ಒಂದು ಗಂಟೆ ಬೆಂಚ್ ಮೇಲೆ ಕೂರಕ್ಕಾಗ್ತಿರ್ಲಿಲ್ಲ, ಡಾಕ್ಟ್ರು ಒಂದು ವರ್ಷ ಮಾತ್ರೆ, ಮೊದ್ಲು ಮೂರು ತಿಂಗಳು ಮಲಗೇ ಇರ್ಬೇಕು ಅಂದ್ರು. ನಮ್ಮ ಕಾಲೇಜ್ ಇರೋ ವಿಟಿಯು ಯೂನಿವರ್ಸಿಟಿಯಲ್ಲಿ 85 ಪರ್ಸೆಂಟ್ ಅಟೆಂಡೆನ್ಸ್ ಬೇಕು, ನಂದು ಆಗ್ಲೇ 50ರ ಹತ್ರ ಬಂದಿತ್ತು. ಮುಂದಿನ ವರ್ಷ ಅದೇ ಸೆಮ್‌ಗೆ ವಾಪಸ್ ಹೋಗೋಣ ಅಂದ್ರೆ ಫೀಸು ಇನ್ನೊಂದ್ಸಲ ಕಟ್ಬೇಕು, ಅಪ್ಪ ಯಶವಂತಪುರ ಎಪಿಎಂಸಿಯಲ್ಲಿ ಹಮಾಲಿ ಕೆಲಸ ಮಾಡೋರು, ಅವರನ್ನ ಕೇಳೋ ಮನಸ್ಸಾಗ್ಲಿಲ್ಲ.

ಬಿಡೋದೇನೋ ಸರಿ, ಆದ್ರೆ ನನ್ನ ಹೆಸರಲ್ಲಿ ಎಜುಕೇಶನ್ ಲೋನ್ ಇತ್ತು. 3 ಲಕ್ಷದ 60 ಸಾವಿರ ಸ್ಯಾಂಕ್ಷನ್ ಆಗಿ ಅದ್ರಲ್ಲಿ ಒಂದೂವರೆ ಲಕ್ಷ ಕಾಲೇಜಿಗೆ ಹೋಗಿತ್ತು. ಕಾಲೇಜ್ ಆಫೀಸಲ್ಲಿ ಒಂದು ಮಾದರಿ ಅರ್ಜಿ ಕೊಟ್ಟಿದ್ರು, ಅದ್ರಲ್ಲಿ "ವೈಯಕ್ತಿಕ ಕಾರಣಗಳಿಂದ" ಅಂತ ಮೊದಲೇ ಟೈಪ್ ಆಗಿತ್ತು, ನಾನು ಸೈನ್ ಹಾಕಿ, ಕೊಡೋ ಮುಂಚೆ ಬ್ಯಾಂಕಲ್ಲಿ ಒಂದು ಮಾತು ಕೇಳೋಣ ಅಂತ ಹೋದೆ. ಲೋನ್ ಸೆಕ್ಷನ್ ಮೇಡಂ ಓದಿ, "ಇದನ್ನ ಕಾಲೇಜಿಗೆ ಕೊಟ್ಬಿಟ್ಯಾ?" ಅಂದ್ರು. ಇಲ್ಲ ಮೇಡಂ ಅಂದೆ. "ಕೊಡ್ಬೇಡಪ್ಪ. ಹುಷಾರಿಲ್ಲ ಅಂತ ಯಾಕೆ ಬರೆದಿಲ್ಲ ನೀನು?"

ಆವತ್ತು ಗೊತ್ತಾಗಿದ್ದು ಇದು. ಮನೆ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ರೆ ಓದೋ ಅವಧಿ ಮತ್ತೆ ಅದ್ರ ಮೇಲಿನ ಒಂದು ವರ್ಷದ ಬಡ್ಡಿಯನ್ನ ಕೇಂದ್ರ ಸರ್ಕಾರ ಕಟ್ಟುತ್ತೆ, 2009ರಿಂದ ಇರೋ ಸ್ಕೀಮು, ಅದನ್ನ ಎಲ್ಲಾ ಬ್ಯಾಂಕ್‌ಗಳ ಪರವಾಗಿ ನೋಡ್ಕೊಳ್ಳೋ ನೋಡಲ್ ಬ್ಯಾಂಕ್ ನಮ್ಮ ಕೆನರಾ ಬ್ಯಾಂಕೇ. ಆದ್ರೆ ಕೋರ್ಸ್ ಮಧ್ಯದಲ್ಲಿ ಬಿಟ್ರೆ ಸಬ್ಸಿಡಿ ಇಲ್ಲ. ಕಾಯಿಲೆಯಿಂದ ಬಿಟ್ರೆ ಮಾತ್ರ ವಿನಾಯಿತಿ, ಅದಕ್ಕೂ ಕಾಲೇಜಿನ ಮುಖ್ಯಸ್ಥರು ದಾಖಲೆ ನೋಡಿ ಒಪ್ಪಿರ್ಬೇಕು. ಅಂದ್ರೆ ನಾನು ಬರೆಯೋ ಒಂದು ಸಾಲಿನ ಮೇಲೆ ಸುಮಾರು 11 ಸಾವಿರ ರೂಪಾಯಿ ಬಡ್ಡಿ ನಿಂತಿತ್ತು, ಅದು ನಮ್ಮನೆಗೆ ಸಣ್ಣ ದುಡ್ಡಲ್ಲ.

ಹೊಸದಾಗಿ ಕೈಯಲ್ಲೇ ಬರೆದೆ. ಕಾಯಿಲೆ ಹೆಸರು, ಚಿಕಿತ್ಸೆ ಶುರುವಾದ ದಿನ, ಕಾಲೇಜಿಗೆ ಕೊನೆಗೆ ಹೋದ ದಿನ ಎಲ್ಲಾ ಹಾಕಿ, ಎಂಆರ್‌ಐ ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿ ಜೆರಾಕ್ಸ್ ಪಿನ್ ಮಾಡಿ, ಎರಡು ಕಾಪಿ ತಗೊಂಡೋದೆ. ಒಂದು ಕಾಪಿ ಮೇಲೆ ಸೀಲು, ತಾರೀಖು ಹಾಕಿಸ್ಕೊಂಡೆ. ಕಾಯಿಲೆಯಿಂದಲೇ ಬಿಟ್ಟಿದ್ದು ಅಂತ ಒಪ್ಪೋ ಪ್ರಿನ್ಸಿಪಾಲ್ ಪತ್ರಕ್ಕೆ ನಾಲ್ಕು ಸಲ ಅಲೆದೆ, ಬೆನ್ನಿಗೆ ಬೆಲ್ಟ್ ಕಟ್ಕೊಂಡು, ಅಮ್ಮ ಜೊತೆಗೆ. ಅಷ್ಟರಲ್ಲಿ ಆಫೀಸಿನೋರು ಉಳಿದ ಎರಡು ವರ್ಷದ ಫೀಸ್ ಕಟ್ಟಿದ್ರೆ ಮಾತ್ರ ಟೀಸಿ, ಮಾರ್ಕ್ಸ್ ಕಾರ್ಡು ಅಂದ್ರು. ನನಗೆ ತುಂಬಾ ಸಂಕಟ ಆಗಿದ್ದು ಅಲ್ಲೇ, ಅಮ್ಮ ಕೌಂಟರ್ ಮುಂದೆನೇ ಅತ್ತುಬಿಟ್ರು. ಬಿಟ್ಟು ಹೋಗೋ ವಿದ್ಯಾರ್ಥಿ ಹತ್ರ ಮುಂದಿನ ವರ್ಷಗಳ ಫೀಸ್ ಕೇಳೋ ಹಾಗಿಲ್ಲ ಅಂತ ಇಂಜಿನಿಯರಿಂಗ್ ಕಾಲೇಜುಗಳಿಗೆ ಮಾನ್ಯತೆ ಕೊಡೋ ಎಐಸಿಟಿಇ ನಿಯಮನೇ ಇದೆ, ಅದರ ನೋಟಿಸ್ ಪ್ರಿಂಟ್ ತೆಗೆದು ಅರ್ಜಿ ಜೊತೆ ಇಟ್ಟೆ, ಒಂದು ವಾರಕ್ಕೆ ಎಲ್ಲಾ ಕೈಗೆ ಬಂತು.

ಕಟ್ಟಿದ ಫೀಸ್ ಮಾತ್ರ ಒಂದು ರೂಪಾಯಿನೂ ವಾಪಸ್ ಬರ್ಲಿಲ್ಲ. ಅದು ಸೇರಿದ ಹೊಸದ್ರಲ್ಲೇ ಬಿಡೋರಿಗೆ, ಯುಜಿಸಿಯ 2018ರ ನಿಯಮದಲ್ಲಿ ಅಡ್ಮಿಷನ್ ಕೊನೇ ದಿನ ಆಗಿ 15 ದಿನದೊಳಗೆ ಬಿಟ್ರೆ 80 ಪರ್ಸೆಂಟ್, 30 ದಿನದೊಳಗೆ 50, ಆಮೇಲೆ ಏನೂ ಇಲ್ಲ.

ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್ಎಸ್‌ಪಿ ಪೋರ್ಟಲ್‌ನಲ್ಲಿ ಆ ವರ್ಷದ ಅರ್ಜಿ ಹಾಕಾಗಿತ್ತು, ದುಡ್ಡು ಬಂದಿರ್ಲಿಲ್ಲ. ಸುಮ್ನಿದ್ರೆ ಅಕೌಂಟಿಗೆ ಬೀಳ್ತಿತ್ತೋ ಏನೋ, ಆದ್ರೆ ಓದ್ದೇ ಇರೋ ವರ್ಷದ ದುಡ್ಡು ಬೇರೆ ಹುಡುಗರಿಗೆ ಸೇರ್ಬೇಕಾದ್ದು, ಹಾಗಾಗಿ ವಸಂತನಗರದ ದೇವರಾಜ ಅರಸು ಭವನದಲ್ಲಿರೋ ಹಿಂದುಳಿದ ವರ್ಗಗಳ ಇಲಾಖೆ ಆಫೀಸಿಗೆ ಹೋಗಿ ಕಾಲೇಜ್ ಬಿಟ್ಟಿದ್ದೀನಿ ಅಂತ ಬರೆದುಕೊಟ್ಟು ಬಂದೆ.

ಬ್ಯಾಂಕಲ್ಲಿ ಕಾಲೇಜಿಗೆ ಹೋಗ್ಬೇಕಿದ್ದ ಲೋನಿನ ಉಳಿದ ಕಂತು ನಿಲ್ಲಿಸಿದ್ರು, ತಗೊಂಡಿದ್ದ ಒಂದೂವರೆ ಲಕ್ಷಕ್ಕಷ್ಟೇ ಲೆಕ್ಕ. ಟ್ರೀಟ್‌ಮೆಂಟ್ ಮುಗಿಯೋವರೆಗೂ ಟೈಮ್ ಕೊಡಿ ಅಂತ ಅದೇ ಪ್ರಿನ್ಸಿಪಾಲ್ ಪತ್ರ ಇಟ್ಟು ಕೇಳ್ದೆ, ಒಪ್ಪಿದ್ರು. ಕೊನೇ ಮಾತ್ರೆ ನುಂಗಿ ಎರಡು ತಿಂಗಳಿಗೆ ಚಿಕ್ಕಪೇಟೆಯ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ ಸಿಕ್ತು, ಈಗ ತಿಂಗಳಿಗೆ 2,450 ರೂಪಾಯಿ ಇಎಂಐ ನನ್ನ ಸಂಬಳದಿಂದಾನೇ ಹೋಗ್ತಿದೆ.